ನಾವು ಮಾಡಿದ ಮುಖ

ಮುಚ್ಚಿಡದೆ ಹೇಳಿಬಿಡುತ್ತೇವೆ. ನಮಗೆ, ಅಣ್ಣತಮ್ಮಂದಿರಿಬ್ಬರಿಗೂ, ವಿಡಿಯೋ ಗೇಮಿನ ಹುಚ್ಚು. ಆಟಕ್ಕಿಂತ ಹೆಚ್ಚಾಗಿ, ಆಟದೊಳಗಿನ ಗೊಂಬೆಯನ್ನು ನಾವೇ ಮಾಡಿಕೊಳ್ಳುವ ಹುಚ್ಚು. ಮೂಗು, ತುಟಿ, ಕೂದಲು, ಬಣ್ಣ ಎಲ್ಲ ನಮ್ಮ ಕೈಯಲ್ಲೇ. 'ಎಂಥಾ ಮಕ್ಕಳಾಟಾನ್ರೋ' ಅಂತ ಗೆಳೆಯರು ನಗುತ್ತಾರೆ. ನಗಲಿ.

'ದಿ ಸಿಮ್ಸ್ 4' ಬಂದದ್ದು 2014ರಲ್ಲಿ. ಮನೆ ಕಟ್ಟಿ ಸಂಸಾರ ನಡೆಸುವ ಆಟ. ಅದರಲ್ಲಿ ನಾವು ಮಾಡಿದ್ದೆಲ್ಲ ಬೆಳ್ಳನೆಯ ಗೊಂಬೆಗಳನ್ನೇ. ಯಾರೂ ಹೇಳಿರಲಿಲ್ಲ, ಕೈ ತಾನಾಗಿ ಆ ಕಡೆ ಹೋಗುತ್ತಿತ್ತು. ಒಂದು ದಿನ ಅವ್ವ ಹಿಂದೆ ನಿಂತು ನೋಡಿ, 'ಇದ್ರೊಳ್ಗೆ ನಮ್ಮಂಗಿರೋರು ಒಬ್ರೂ ಇಲ್ವೇನ್ರೋ?' ಅಂದಳು. ಉತ್ತರ ಬರಲಿಲ್ಲ.

ಬಣ್ಣ ಆರಿಸಲು ಬಿಡದ ಆಟವೂ ಉಂಟು. 2015ರಲ್ಲಿ 'ರಸ್ಟ್' ಎಂಬ ಆಟ ಮೈಬಣ್ಣವನ್ನು ತಾನೇ ಹಂಚಿತು. ಸಿಕ್ಕಿದ್ದು ಸಿಕ್ಕಿತು, ಬದಲಾಯಿಸುವಂತಿಲ್ಲ. ಕೆಲವರು ಸಿಟ್ಟಾದರು. ಹುಟ್ಟು ಕೊಟ್ಟದ್ದನ್ನು ಹೊತ್ತು ನಡೆಯುವುದು ಅವರಿಗೆ ಆಟದಲ್ಲಿ ಹೊಸದು. ನಮಗೆ ಊರಲ್ಲಿ ಹಳೆಯದು. ಆದರೆ ಆರಿಸಲು ಬಿಟ್ಟಾಗ ನಾವು ಅವ್ವನನ್ನೇ ಬಿಟ್ಟಿದ್ದೆವಲ್ಲ!

ಸಿಮ್ಸ್‌ನಲ್ಲಿ ಕಪ್ಪು ಬಣ್ಣಗಳು ಸಾಲವೆಂದು ಆಡುವವರು ಕೇಳುತ್ತಲೇ ಇದ್ದರು. 2020ರ ಡಿಸೆಂಬರಿನಲ್ಲಿ 100ಕ್ಕೂ ಹೆಚ್ಚು ಹೊಸ ಮೈಬಣ್ಣಗಳು ಬಂದವು. ಕೇಳಿದ್ದಕ್ಕೆ ಬಂದವು. ರಾತ್ರಿಯೆಲ್ಲ ಕೂತು, ಬಿಸಿಲಲ್ಲಿ ನಾಟಿ ಹಾಕಿದ ಅವ್ವನ ಬಣ್ಣ ಹುಡುಕಿದೆವು. ಅವಳ ಮೂಗು, ಅವಳ ನರೆಗೂದಲು. ಆಟದೊಳಗೇ ಮನೆ ಕಟ್ಟಿ, ದೊಡ್ಡ ಬಾಗಿಲಿಟ್ಟು, ಅವಳನ್ನು ಮುಂದೆ ನಿಲ್ಲಿಸಿದೆವು.

ಅವ್ವ ಬಹಳ ಹೊತ್ತು ನೋಡಿದಳು.

'ಬಾಗ್ಲಲ್ಲೇ ಯಾಕ್ರೋ ನಿಲ್ಸಿದ್ದೀರಿ? ಒಳೀಕ್ ಕರ್ಕಳ್ಳಿ' ಅಂದಳು.