ಕಾಪುವಿನ ಬಂಡೆ

ಕತ್ತಲಗೆರೆಯಲ್ಲಿ ನಿಂತು ‘ಕಡಲಿನ ಪಕ್ಕ ಹತ್ತುವಂಥ ಬಂಡೆ ಎಲ್ಲಿದೆ’ ಎಂದು ಕೇಳಿದರೆ ಜನ ನಗುತ್ತಾರೆ. ನಮ್ಮದು ಭದ್ರಾ ನಾಲೆಯ ನೀರು, ಭತ್ತದ ಗದ್ದೆ, ಅಡಿಕೆ ತೋಟ. ಬಂಡೆ ಬೇಕಾದರೆ ಚಿತ್ರದುರ್ಗಕ್ಕೆ ಹೋಗಿ ಎನ್ನುತ್ತಾರೆ. ಎಲ್ಲ ಶುರುವಾದದ್ದೇ ಅಲ್ಲಿಂದ. ಕೋಟೆಯ ಗೋಡೆಯನ್ನು ಹಗ್ಗವಿಲ್ಲದೆ ಏರುವ ಜ್ಯೋತಿರಾಜ್ ಅವರನ್ನು ನೋಡಿದ ದಿನದಿಂದ ಹೈಸ್ಕೂಲಿನಲ್ಲಿರುವ ನನ್ನ ಮಗಳಿಗೆ ಬಂಡೆಯ ಹುಚ್ಚು. ಸಮುದ್ರವನ್ನಂತೂ ಅವಳು ನೋಡಿಯೇ ಇರಲಿಲ್ಲ.

ಎರಡೂ ಒಂದೇ ಕಡೆ ಸಿಗುವ ಜಾಗ ಹುಡುಕಿದೆವು. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಮೊದಲು ನೆನಪಾದವು. ಆದರೆ ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ; ಕಲ್ಲು ನೋಡುವುದಕ್ಕೇ ಹೊರತು ಹತ್ತುವುದಕ್ಕಲ್ಲ. ಉಳಿದದ್ದು ಕಾಪು. ಉಡುಪಿಯಿಂದ ದಕ್ಷಿಣಕ್ಕೆ ಸುಮಾರು 13 ಕಿ.ಮೀ. ದೂರ. ಮರಳ ದಂಡೆಯಲ್ಲಿ ದೊಡ್ಡ ಬಂಡೆ, ಅದರ ನೆತ್ತಿಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ.

ಬೇಸಿಗೆ ರಜೆಯಲ್ಲಿ ಹೊರಟೆವು. ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿಯ ತಿರುವುಗಳನ್ನು ಇಳಿದರೆ ಗಾಳಿಯೇ ಬೇರೆ. ನಮ್ಮ ಕಡೆಯ ಬಿಸಿಲು ಸುಡುತ್ತದೆ, ಆದರೆ ಬೆವರು ಆರಿ ಮೈ ತಂಪಾಗುತ್ತದೆ. ಕರಾವಳಿಯ ಗಾಳಿಯಲ್ಲಿ ಮೊದಲೇ ನೀರಿನ ಪಸೆ ತುಂಬಿರುವುದರಿಂದ ಬೆವರು ಆರುವುದೇ ಇಲ್ಲ. ನೆರಳಿನಲ್ಲಿ ಕುಳಿತರೂ ಬೇಯುತ್ತೇವೆ.

ಕಾಪುವಿನ ಹೆದ್ದಾರಿಯಲ್ಲಿ ಬಸ್ಸಿಳಿದು ಆಟೋದಲ್ಲಿ ದಂಡೆಗೆ ಬಂದಾಗ ನಡು ಮಧ್ಯಾಹ್ನ. “ಈಗ ಬಂಡೆಗೆ ಕಾಲಿಡಬೇಡಿ ಅಮ್ಮ, ಕಾದ ಕಾವಲಿ ಅದು. ಕೆಳಗಿನ ಕಲ್ಲೆಲ್ಲ ಪಾಚಿ, ಜಾರ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ನೀರು ಇನ್ನೂ ಮೇಲೆ ಬರ್ತದೆ” ಎಂದರು ಎಳನೀರು ಮಾರುವವರು. ಚಂದ್ರನನ್ನು ನೋಡಿ ಈದ್ ಮಾಡುವವರು ನಾವು. ಕಡಲಿನ ಪಂಚಾಂಗವೂ ಅದೇ ಎಂದು ಮಗಳಿಗೆ ಖುಷಿ. ಅಸರ್ ನಮಾಜ್ ಮುಗಿಸಿ ಬಂಡೆಯ ಬಳಿ ಹೋದೆವು.

ಮೇಲೆ ಹೋಗಲು ಮೆಟ್ಟಿಲುಗಳಿವೆ. ಮಗಳು ಮೆಟ್ಟಿಲು ಬಿಟ್ಟು ಪಕ್ಕದ ಒಣಗಿದ ಕಲ್ಲಿಗೆ ಕೈ ಹಾಕಿದಳು. ಜೊತೆಗಿದ್ದ ಖಾಲಾ ನನ್ನ ತೋಳು ಹಿಡಿದರು. “ವಯಸ್ಸಿಗೆ ಬಂದ ಹುಡುಗಿ ನಾಲ್ಕು ಜನರ ಎದುರು ಹೀಗೆ ಹತ್ತೋದಾ? ನೀನೂ ನೋಡ್ಕೊಂಡು ನಿಂತಿದೀಯಲ್ಲೇ!”

ಖಾಲಾ ಹಜ್ ಮಾಡಿ ಬಂದವರು. “ಸಫಾ, ಮರ್ವಾ ಅಂದ್ರೆ ಏನು ಖಾಲಾ? ಕಲ್ಲುಗುಡ್ಡಗಳೇ ಅಲ್ವಾ? ಸುಡು ಬಿಸಿಲಲ್ಲಿ ಏಳು ಸಲ ಓಡಿದವರು ಹಾಜಿರಾ ಬೀಬಿಯೇ ಅಲ್ವಾ?” ಎಂದೆ. ಈಗ ಆ ದಾರಿಗೆ ಅಮೃತಶಿಲೆಯ ನೆಲ, ತಣ್ಣನೆಯ ಗಾಳಿ. ಹಸಿರು ದೀಪಗಳ ನಡುವೆ ಗಂಡಸರು ಓಡುತ್ತಾರೆ, ಹೆಂಗಸರು ನಡೆಯುತ್ತಾರೆ. ಉಲಮಾಗಳು ಅದಕ್ಕೆ ಕಾರಣ ಹೇಳುತ್ತಾರೆ, ನಾನು ವಾದಿಸುವುದಿಲ್ಲ. ಆದರೆ ಮೊದಲು ಓಡಿದ್ದು ಒಬ್ಬ ತಾಯಿ.

“ಅದು ಬೇರೆ. ಆಕೆ ಮಗುವಿನ ನೀರಿಗಾಗಿ ಹತ್ತಿದ್ದು. ಇವಳು ಯಾತಕ್ಕೆ?” ಎಂದರು ಖಾಲಾ.

ಈ ಪ್ರಶ್ನೆಯನ್ನು ತಳ್ಳಿಹಾಕುವಂತಿರಲಿಲ್ಲ. ಮಗಳು ಯಾವ ನೀರಿಗೂ ಹತ್ತುತ್ತಿರಲಿಲ್ಲ, ಸುಮ್ಮನೆ ಹತ್ತುತ್ತಿದ್ದಳು. ನಮ್ಮೂರ ಗದ್ದೆಗಳಲ್ಲಿ ಸೀರೆ ಎತ್ತಿ ಕಟ್ಟಿ, ಸೊಂಟ ಬಗ್ಗಿಸಿ ದಿನವಿಡೀ ನಾಟಿ ಮಾಡುವ ಹೆಂಗಸರನ್ನು ಜನ ನೋಡುತ್ತಾರೆಂದು ಯಾರೂ ಮನೆಗೆ ಕಳಿಸಿದ್ದಿಲ್ಲ. ದುಡಿಮೆಗಾದರೆ ಹೆಣ್ಣಿಗೆ ಎಂಥ ಬಿಸಿಲೂ ಸರಿ. ಸಂತೋಷಕ್ಕೆ ಎಂದಾಗಲೇ ನಮಗೆ ಮರ್ಯಾದೆ ನೆನಪಾಗುವುದು. ಇದನ್ನು ಖಾಲಾಗೆ ಹೇಳಬೇಕೆಂದು ಬಾಯಿ ತೆರೆದೆ.

ಅಷ್ಟರಲ್ಲಿ ಮಗಳು ಎರಡಾಳೆತ್ತರದಲ್ಲಿ ನಿಂತುಬಿಟ್ಟಿದ್ದಳು. ಒಂದು ಕಾಲು ಗಾಳಿಯಲ್ಲಿ ಕಲ್ಲಿನ ಅಂಚಿಗಾಗಿ ತಡಕಾಡುತ್ತಿತ್ತು. ಖಾಲಾ ನನ್ನ ತೋಳು ಬಿಟ್ಟು, ಬುರ್ಖಾ ಎತ್ತಿ ಹಿಡಿದು ಎರಡು ಹೆಜ್ಜೆ ಮುಂದೆ ಹೋದರು.

“ಬಲಕ್ಕೆ ಬೇಟಾ, ಇನ್ನೂ ಸ್ವಲ್ಪ ಬಲಕ್ಕೆ. ಹಾಂ, ಅಲ್ಲೇ. ಈಗ ಕೈ ಬದಲಿಸು.”