ಬೂಸ್ಟರ್‌ನ ಕಾವಲು ತಂತಿಗಳು

ಹೆಲ್ಮೆಟ್ಟಿನ ಪಟ್ಟಿಯನ್ನು ಗಲ್ಲಕ್ಕೆ ಬಿಗಿದು, ಎದೆಯ ಮೇಲಿನ ಎರಡು ಡೋಸಿಮೀಟರ್‌ಗಳನ್ನು ಮುಟ್ಟಿ ನೋಡಿಕೊಂಡು ಒಳಗೆ ಹೆಜ್ಜೆ ಇಡುತ್ತೀರಿ. ಒಂದು, ತಿಂಗಳುಗಟ್ಟಲೆ ಮೈಗೆ ತಾಗಿದ ವಿಕಿರಣದ ಲೆಕ್ಕ ಇಟ್ಟುಕೊಳ್ಳುವಂಥದ್ದು. ಇನ್ನೊಂದು ಈ ಹೊತ್ತಿನದು. ಮಿತಿ ಮೀರಿದರೆ ಕಿರುಚುತ್ತದೆ. 2019ರ ವಸಂತ. ಜಿನೀವಾದ ಅಂಚಿನಲ್ಲಿ, ಫ್ರಾನ್ಸ್ ಗಡಿಗೆ ತಾಗಿಕೊಂಡಿರುವ ಸರ್ನ್ ಪ್ರಯೋಗಾಲಯ. ಜೂರಾ ಬೆಟ್ಟಗಳ ನೆತ್ತಿಯಲ್ಲಿ ಇನ್ನೂ ಹಿಮ ಕರಗಿಲ್ಲ. ನೀವು ಇಳಿದಿರುವ ಸುರಂಗಕ್ಕೆ ಮಾತ್ರ ಋತುವಿಲ್ಲ: ಕಾಂಕ್ರೀಟು, ಎಣ್ಣೆ, ಹಳೆಯ ಕೇಬಲ್ ಹೊದಿಕೆ, ಇವುಗಳ ವಾಸನೆ ಮತ್ತು ಒಂದೇ ಸಮನೆ ಗಾಳಿ ತಳ್ಳುವ ಯಂತ್ರದ ಸದ್ದು.

ಇದು ಪ್ರೋಟಾನ್ ಸಿಂಕ್ರೊಟ್ರಾನ್ ಬೂಸ್ಟರ್. 1972ರಲ್ಲಿ ಮೊದಲ ಪ್ರೋಟಾನ್‌ಗಳನ್ನು ಸುತ್ತಿಸಿದ ಯಂತ್ರ. ಸುತ್ತಳತೆ 157 ಮೀಟರ್, ಅಂದರೆ ನಿಧಾನಕ್ಕೆ ನಡೆದರೂ ಎರಡು ಮೂರು ನಿಮಿಷದಲ್ಲಿ ಹೊರಟಲ್ಲಿಗೇ ಬಂದು ನಿಲ್ಲುತ್ತೀರಿ. ಸುರಂಗ ಬಾಗುತ್ತಲೇ ಹೋಗುವುದರಿಂದ ಮುಂದೆ ಕೆಲವೇ ಮ್ಯಾಗ್ನೆಟ್‌ಗಳು ಕಾಣುತ್ತವೆ, ಉಳಿದವು ತಿರುವಿನಲ್ಲಿ ಮರೆ. ಒಂದೊಂದೂ ಆಳೆತ್ತರ. ಕಾರಣ, ಇಲ್ಲಿರುವುದು ಒಂದು ಉಂಗುರವಲ್ಲ, ಒಂದರ ಮೇಲೊಂದು ಪೇರಿಸಿದ ನಾಲ್ಕು ಉಂಗುರಗಳು. ಕಿರಣವನ್ನು ಬಾಗಿಸುವ 32 ಮ್ಯಾಗ್ನೆಟ್‌ಗಳು, ಹಿಡಿದು ಕೂಡಿಸುವ 48 ಮ್ಯಾಗ್ನೆಟ್‌ಗಳು. ಪ್ರತಿಯೊಂದರಲ್ಲೂ ನಾಲ್ಕು ಕಿಂಡಿ, ನಾಲ್ಕು ಕೊಳವೆ. ಜಗತ್ತಿನ ಅತಿ ದೊಡ್ಡ ವೇಗವರ್ಧಕ ಎಲ್‌ಎಚ್‌ಸಿಯಲ್ಲಿ ಡಿಕ್ಕಿ ಹೊಡೆಯುವ ಪ್ರತಿ ಪ್ರೋಟಾನೂ ಮೊದಲು ಈ ಪುಟ್ಟ ಉಂಗುರ ಹಾದೇ ಹೋಗಬೇಕು. ಇದು ನಿಂತರೆ ಮುಂದಿನ ವೇಗವರ್ಧಕಗಳಾದ ಪಿಎಸ್, ಎಸ್‌ಪಿಎಸ್, ಎಲ್‌ಎಚ್‌ಸಿ ಸಾಲಾಗಿ ಬರಿದಾಗುತ್ತವೆ. ಅಪರೂಪದ ಪರಮಾಣುಬೀಜಗಳನ್ನು ಹುಟ್ಟಿಸುವ ಐಸೋಲ್ಡೆ ಕೂಡ ಕೈಕಟ್ಟಿ ಕೂರುತ್ತದೆ.

ಮ್ಯಾಗ್ನೆಟ್ ಒಂದರ ಪಕ್ಕ ಮಂಡಿಯೂರುತ್ತೀರಿ. ತಲೆಗೆ ಕಟ್ಟಿದ ಬ್ಯಾಟರಿ ದೀಪದ ಬೆಳಕಿನಲ್ಲಿ ತಾಮ್ರದ ಕಾಯಿಲ್‌ನ ಅಂಚು, ಅದಕ್ಕೆ ಜೋಡಿಸಿದ ನೀರಿನ ಪೈಪುಗಳು. ಈ ತಾಮ್ರ ಗಟ್ಟಿಯಲ್ಲ, ನಡುವೆ ಟೊಳ್ಳು. ಆ ಟೊಳ್ಳಿನಲ್ಲಿ ಖನಿಜ ತೆಗೆದ ನೀರು ಹರಿಯುತ್ತದೆ. ಮಾಮೂಲಿ ನೀರಾದರೆ ಅದೇ ವಿದ್ಯುತ್ತನ್ನು ಸಾಗಿಸಿಬಿಡುತ್ತದೆ. ಸಾವಿರಾರು ಆಂಪಿಯರ್ ಕರೆಂಟು ತಾಮ್ರದಲ್ಲಿ, ಅದರ ಬಿಸಿಯನ್ನು ಹೊತ್ತೊಯ್ಯುವ ನೀರು ಅದೇ ತಾಮ್ರದ ಹೊಟ್ಟೆಯಲ್ಲಿ. ನೀರು ಹೊರಬರುವ ತುದಿಯಲ್ಲಿ ಬೆರಳ ತುದಿಯಷ್ಟೇ ಇರುವ ಒಂದು ಲೋಹದ ಬಿಲ್ಲೆ ಬಿಗಿದಿದ್ದಾರೆ. ನೀವು ಹುಡುಕಿಕೊಂಡು ಬಂದದ್ದು ಅದನ್ನೇ: ಥರ್ಮೋಸ್ವಿಚ್.

ಬೋರ್‌ವೆಲ್ ಬತ್ತಿದ್ದು ತಿಳಿಯದೆ ರಾತ್ರಿಯಿಡೀ ಓಡಿದ ಪಂಪ್‌ಸೆಟ್ಟು ಬೆಳಿಗ್ಗೆ ಸುಟ್ಟ ವಾರ್ನಿಶ್ ವಾಸನೆ ಹೊಡೆಯುವುದನ್ನು ಬಯಲುಸೀಮೆಯ ಯಾವ ರೈತನಿಗೂ ವಿವರಿಸಬೇಕಿಲ್ಲ. ಇಲ್ಲಿಯೂ ಸಂಭವಿಸಬಹುದಾದದ್ದು ಅದೇ. ವ್ಯತ್ಯಾಸವೆಂದರೆ ಈ ಕಾಯಿಲನ್ನು ಪೇಟೆಗೆ ಒಯ್ದು ರೀವೈಂಡಿಂಗ್ ಮಾಡಿಸಿಕೊಂಡು ಸಂಜೆಗೆ ಬರಲಾಗದು. ದಶಕಗಳ ಕಿರಣ ತಾಗಿ ಕಬ್ಬಿಣವೇ ಮಂದವಾಗಿ ವಿಕಿರಣ ಸೂಸುತ್ತದೆ. ಟನ್ನುಗಟ್ಟಲೆ ತೂಕದ ಮ್ಯಾಗ್ನೆಟ್ಟನ್ನು ಸಾಲಿನಿಂದ ಬಿಡಿಸಿ, ನಿರ್ವಾತ ಒಡೆದು, ಬದಲಿಯನ್ನು ಕೂರಿಸಿ, ಮಿಲಿಮೀಟರಿನ ಭಾಗದಷ್ಟು ನಿಖರವಾಗಿ ನೇರ ಮಾಡುವ ಹೊತ್ತಿಗೆ ಎಷ್ಟೋ ದಿನಗಳು ಕಳೆಯುತ್ತವೆ, ಅಷ್ಟೂ ಹೊತ್ತು ಯಾರದೋ ಮೈ ಆ ವಿಕಿರಣದಲ್ಲಿ ನಿಂತಿರಬೇಕಾಗುತ್ತದೆ.

ಬಿಲ್ಲೆಯೊಳಗೆ ಎರಡು ಲೋಹ ಬೆಸೆದ ತೆಳು ತಗಡು ಇದೆ. ತಣ್ಣಗಿರುವಾಗ ಸಂಪರ್ಕ ಮುಚ್ಚಿರುತ್ತದೆ. ಒಂದು ಸಣ್ಣ ಕರೆಂಟು ಅದರ ಮೂಲಕ ಸದಾ ಓಡುತ್ತಿರುತ್ತದೆ. ನಿಗದಿಯಾದ ಉಷ್ಣತೆ ಮುಟ್ಟಿದ ಕೂಡಲೇ ತಗಡು ಟಕ್ಕನೆ ಬಾಗಿ ಸಂಪರ್ಕ ಕಡಿಯುತ್ತದೆ. ಈ ಏರ್ಪಾಡಿನ ಜಾಣತನ ಅದರ ದಿಕ್ಕಿನಲ್ಲಿದೆ. ಅಪಾಯ ಬಂದಾಗ ಕರೆಂಟು ಹರಿಯುವಂತೆ ಮಾಡಿದ್ದರೆ, ತಂತಿ ಎಲ್ಲೋ ತುಂಡಾಗಿದ್ದ ದಿನ ಯಾರಿಗೂ ಸುದ್ದಿ ಮುಟ್ಟುತ್ತಿರಲಿಲ್ಲ. ಈಗ ಹಾಗಲ್ಲ. ತಂತಿ ತುಂಡಾದರೂ, ಕನೆಕ್ಟರ್ ಕಳಚಿದರೂ, ಇದಕ್ಕೆ ಕೊಡುವ ವಿದ್ಯುತ್ತೇ ಹೋದರೂ ಯಂತ್ರ ಅದನ್ನು ಬಿಸಿಯೆಂದೇ ಭಾವಿಸಿ ನಿಲ್ಲುತ್ತದೆ. ‘ಎಲ್ಲ ಸರಿಯಿದೆ’ ಎಂಬ ಮಾತು ಎಡೆಬಿಡದೆ ಕೇಳಿಸುತ್ತಿದ್ದರೆ ಮಾತ್ರ ಓಡಲು ಅಪ್ಪಣೆ.

ಹಾಗಾದರೆ ಈ ಹಳೆಯ ಕಾವಲು ವ್ಯವಸ್ಥೆಯನ್ನು ಕಿತ್ತು ಹೊಸದನ್ನು ಹಾಕುತ್ತಿರುವುದೇಕೆ? ಬೂಸ್ಟರ್‌ಗೆ ಬಡ್ತಿ ಸಿಗಲಿದೆ, ಅದಕ್ಕೆ. 1972ರಲ್ಲಿ 800 ಮೆಗಾ ಎಲೆಕ್ಟ್ರಾನ್‌ವೋಲ್ಟ್‌ಗೆಂದು ಕಟ್ಟಿದ್ದನ್ನು 1988ರಲ್ಲಿ 1 ಗಿಗಾಕ್ಕೆ, 1999ರಲ್ಲಿ 1.4 ಗಿಗಾಕ್ಕೆ ಏರಿಸಿದರು. ಯಂತ್ರಗಳನ್ನು ನಿಲ್ಲಿಸಿ ನವೀಕರಿಸುತ್ತಿರುವ ಈ ದೀರ್ಘ ವಿರಾಮ ಮುಗಿಯುವ ಹೊತ್ತಿಗೆ ಅದು 2 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಕೊಡಬೇಕು, ಅದೇ ಕಬ್ಬಿಣದಲ್ಲಿ. ನಿಮ್ಮ ಟಿಪ್ಪಣಿ ಪುಸ್ತಕದ ಅಂಚಿನಲ್ಲೇ ಲೆಕ್ಕ ಹಾಕಬಹುದು: ಪ್ರೋಟಾನಿನ ಸಂವೇಗ ಸುಮಾರು ಶೇ. 30 ಹೆಚ್ಚುತ್ತದೆ, ಅದನ್ನು ಅದೇ ತಿರುವಿನಲ್ಲಿ ಬಾಗಿಸಲು ಕರೆಂಟೂ ಅಷ್ಟಾದರೂ ಹೆಚ್ಚಬೇಕು; ಬಿಸಿ ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ. ಗರಿಷ್ಠ ಕರೆಂಟಿನ ಗಳಿಗೆಯಲ್ಲಿ ತಾಮ್ರ ಮೊದಲಿಗಿಂತ ಕಡಿಮೆಯೆಂದರೂ ಶೇ. 70ರಷ್ಟು ಹೆಚ್ಚು ಕಾಯುತ್ತದೆ. 1.2 ಸೆಕೆಂಡಿಗೊಮ್ಮೆ ಈ ಏರಿಳಿತ. ಇಷ್ಟನ್ನು ಒದಗಿಸಲು ಕೆಪಾಸಿಟರ್‌ಗಳಲ್ಲಿ ಶಕ್ತಿ ಕೂಡಿಟ್ಟು ಸುರಿಯುವ ಹೊಸ ಪವರ್ ಕನ್ವರ್ಟರ್ ಮೇಲೆ ಸಿದ್ಧವಾಗುತ್ತಿದೆ. ಕೊಡುವ ಕೈ ಬಲವಾದಾಗ ತಡೆಯುವ ಕೈಯೂ ಬಲಗೊಳ್ಳಬೇಕು.

ಮೇಲಿನ ಕಟ್ಟಡಕ್ಕೆ ಹತ್ತಿ ಬಂದರೆ ಹಳೆಯ ರ‍್ಯಾಕುಗಳು. ರಿಲೇಗಳ ಸಾಲು. ಮುಚ್ಚಳ ತೆಗೆದ ಒಬ್ಬ ಹಿರಿಯ ತಂತ್ರಜ್ಞ ಬೆರಳಿನಿಂದ ಒಂದು ರಿಲೇಯನ್ನು ಒತ್ತಿ ಬಿಡುತ್ತಾರೆ; ಕ್ಲಿಕ್ ಎನ್ನುತ್ತದೆ. ಅವರ ಮುಖದಲ್ಲಿ ತಾತ್ಸಾರವಿಲ್ಲ, ನಿಮಗೂ ಬರಬಾರದು. ಈ ತಲೆಮಾರಿನ ಸರ್ಕ್ಯೂಟು ವಿಕಿರಣಕ್ಕಾಗಲಿ ವೋಲ್ಟೇಜಿನ ಜಿಗಿತಕ್ಕಾಗಲಿ ಸುಲಭಕ್ಕೆ ಬಗ್ಗುವುದಿಲ್ಲ, ತನ್ನ ತರ್ಕವನ್ನು ಬರಿಗಣ್ಣಿಗೆ ತೋರಿಸುತ್ತದೆ. ಅದರ ಕೊರತೆ ಬೇರೆ. ಹತ್ತಾರು ಸ್ವಿಚ್ಚುಗಳನ್ನು ಒಂದೇ ಸರಣಿಯಲ್ಲಿ ಪೋಣಿಸಿದ್ದರೆ ಎಲ್ಲೋ ಒಂದು ತೆರೆಯಿತು ಎಂದಷ್ಟೇ ತಿಳಿಯುತ್ತದೆ. ಯಾವುದು ಎಂದು ತಿಳಿಯಲು ಮಲ್ಟಿಮೀಟರ್ ಹಿಡಿದು ಕೆಳಗಿಳಿಯಬೇಕು, ಮತ್ತೆ ಡೋಸಿಮೀಟರ್, ಮತ್ತೆ ಕಾಯುವುದು.

ಮೇಜಿನ ಮೇಲೆ ನಕ್ಷೆಗಳು ಹರಡಿವೆ. ಫ್ರೆಂಚಿನಲ್ಲಿ ಕೈಬರಹದ ತಿದ್ದುಪಡಿ, ಅದರ ಮೇಲೆ ಬೇರೆ ಶಾಯಿಯಲ್ಲಿ ಇನ್ನೊಂದು. ನಕ್ಷೆಯಲ್ಲಿ ಇರುವ ತಂತಿ ರ‍್ಯಾಕಿನಲ್ಲಿ ಇರಬೇಕೆಂದಿಲ್ಲ. ರ‍್ಯಾಕಿನಲ್ಲಿ ಇರುವುದು ನಕ್ಷೆಯಲ್ಲಿ ಸಿಗಬೇಕೆಂದಿಲ್ಲ. ಎರಡು ಟರ್ಮಿನಲ್ ನಡುವೆ ಒಂದು ಗಿಡ್ಡ ತಂತಿ ಕಾಣುತ್ತದೆ. ಯಾವುದೋ ವರ್ಷ ಯಾವುದೋ ಕಾರಣಕ್ಕೆ ಹಾಕಿದ್ದು. ಅದು ಮರೆತುಹೋದ ಬೈಪಾಸೋ, ಜಾಣನೊಬ್ಬನ ಪರಿಹಾರವೋ? ಕತ್ತರಿಸುವ ಮೊದಲು ಉತ್ತರ ಸಿಗಬೇಕು. ಇಂಥ ನವೀಕರಣದಲ್ಲಿ ಹೊಸ ಪೆಟ್ಟಿಗೆ ಕೂರಿಸುವುದು ಸಣ್ಣ ಕೆಲಸ. ಹಿಂದಿನವರು ಯಾವುದಕ್ಕೆ ಹೆದರಿ ಈ ತಂತಿ ಎಳೆದರು ಎಂದು ಓದಿಕೊಳ್ಳುವುದೇ ದೊಡ್ಡದು. ಆ ಭಯಗಳಲ್ಲಿ ಒಂದನ್ನು ಅರ್ಥಮಾಡಿಕೊಳ್ಳದೆ ಕಿತ್ತೆಸೆದರೆ, ಕಿತ್ತದ್ದು ಒಂದು ಕಣ್ಣನ್ನೇ.

ಕಣ್ಣಿಲ್ಲದ ಜಾಗದ ಬೆಲೆಯನ್ನು ಸರ್ನ್ ಒಮ್ಮೆ ತೆತ್ತಿದೆ. 2008ರ ಸೆಪ್ಟೆಂಬರ್ 19ರಂದು ಎಲ್‌ಎಚ್‌ಸಿಯಲ್ಲಿ ಎರಡು ಮ್ಯಾಗ್ನೆಟ್‌ಗಳ ನಡುವಿನ ಒಂದು ಬೆಸುಗೆ ಕಾದು ಕರಗಿತು, ಮಿಂಚು ಹೊಡೆದು ಹೀಲಿಯಂ ಕವಚ ತೂತಾಯಿತು, ಟನ್ನುಗಟ್ಟಲೆ ಹೀಲಿಯಂ ಸುರಂಗಕ್ಕೆ ನುಗ್ಗಿತು. ಮತ್ತೆ ಕಿರಣ ಸುತ್ತಿದ್ದು 2009ರ ನವೆಂಬರ್‌ನಲ್ಲಿ. ಅಲ್ಲಿನ ಅತಿವಾಹಕ ಮ್ಯಾಗ್ನೆಟ್‌ಗಳ ರಕ್ಷಣೆಯ ಬಗೆ ಬೇರೆ, ಅದರ ಸಲಕರಣೆಗಳಲ್ಲಿ ಭಾರತದ ಪಾಲೂ ಇದೆ: ಮ್ಯಾಗ್ನೆಟ್ ಅತಿವಾಹಕತೆ ಕಳೆದುಕೊಂಡಾಗ ಅದನ್ನು ಒಮ್ಮೆಗೇ ಬಿಸಿಮಾಡಿ ಉಳಿಸುವ ಹೀಟರ್‌ಗಳ 5,000ಕ್ಕೂ ಹೆಚ್ಚು ಪವರ್ ಸಪ್ಲೈಗಳು ನಮ್ಮಲ್ಲಿಂದ ಹೋದವು. ಆ ದಿನ ಕಾವಲಿದ್ದ ಕಡೆ ಕಾವಲು ಕೆಲಸ ಮಾಡಿತ್ತು. ಬೆಸುಗೆಗಳ ಮೇಲೆ ಸಾಕಷ್ಟು ಸೂಕ್ಷ್ಮವಾದ ಕಾವಲು ಇರಲಿಲ್ಲ. ಅದನ್ನು ಆಮೇಲೆ ಸೇರಿಸಿದರು.

ಹೊಸ ರ‍್ಯಾಕು ಬರುತ್ತದೆ. ಒಳಗೆ ಸೀಮನ್ಸ್ ಕಂಪನಿಯ ಸುರಕ್ಷಾ ದರ್ಜೆಯ ಪಿಎಲ್‌ಸಿ, ಅಂದರೆ ಯಂತ್ರಗಳನ್ನು ನಿಯಂತ್ರಿಸುವ ಕೈಗಾರಿಕಾ ಕಂಪ್ಯೂಟರ್. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತ, ಲೆಕ್ಕ ತಾಳೆಯಾಗದಿದ್ದರೆ ಸುರಕ್ಷಿತ ಸ್ಥಿತಿಗೆ ಬೀಳುವಂಥದ್ದು. ಕೋಣೆಯ ಉಷ್ಣತೆಯಲ್ಲೇ ಓಡುವ ತಾಮ್ರದ ಮ್ಯಾಗ್ನೆಟ್‌ಗಳಿಗೆಂದು ಎಲ್‌ಎಚ್‌ಸಿ ಕಟ್ಟುವಾಗ ರೂಪುಗೊಂಡ ಈ ವ್ಯವಸ್ಥೆ ಈಗ ಹಿಂದಿನ ಯಂತ್ರಗಳಿಗೂ ಇಳಿದು ಬರುತ್ತಿದೆ. ಪಿಎಲ್‌ಸಿಯನ್ನು ಸುರಂಗದಲ್ಲಿ ಇಡುವಂತಿಲ್ಲ. ಕಣಗಳು ತಾಗಿ ಅದರ ನೆನಪಿನಲ್ಲಿ ಒಂದು ಬಿಟ್ ತಿರುಗಿಬಿದ್ದರೂ ಸಾಕು, ಕಾರಣವಿಲ್ಲದೆ ಯಂತ್ರ ನಿಲ್ಲುತ್ತದೆ. ಕೆಳಗೆ ಬರೀ ಸ್ವಿಚ್ಚು, ಪೆಟ್ಟಿಗೆ, ತಾಮ್ರದ ತಂತಿ. ಬುದ್ಧಿಯೆಲ್ಲ ಮೇಲೆ. ಮಿಂಚಿನ ವೇಗ ಇಲ್ಲಿ ಬೇಕಿಲ್ಲ, ತಾಮ್ರ ಕಾಯುವುದಕ್ಕೆ ಸಮಯ ತೆಗೆದುಕೊಳ್ಳುತ್ತದೆ. ಬೇಕಾದದ್ದು ತಪ್ಪದಿರುವುದು.

ಕೇಬಲ್ ಎಳೆಯುವ ದಿನಗಳು ಉದ್ದ. ಟ್ರೇಗಳಲ್ಲಿ ಬಳಕೆ ತಪ್ಪಿದ ಹಳೆಯ ಕೇಬಲ್ ಎಷ್ಟು ತುಂಬಿತ್ತೆಂದರೆ, ಅದನ್ನು ತೆಗೆಯಲೆಂದೇ ಹಿಂದಿನ ವಿರಾಮಗಳಲ್ಲಿ ತಂಡಗಳು ದುಡಿದಿವೆ. ತೆರವಾದ ಜಾಗದಲ್ಲಿ ಹೊಸದನ್ನು ಹಾಸುತ್ತಾರೆ. ಎರಡೂ ತುದಿಗೆ ಸಂಖ್ಯೆ, ಪ್ರತಿ ಎಳೆಗೂ ಗುರುತು. ಹಾಗೆ 2020ರ ಮಾರ್ಚ್ ಬರುತ್ತದೆ, ಕೋವಿಡ್ ಬರುತ್ತದೆ, ಪ್ರಯೋಗಾಲಯ ಬಾಗಿಲು ಹಾಕುತ್ತದೆ. ಮೇ ತಿಂಗಳಲ್ಲಿ ಮಾಸ್ಕ್ ಹಾಕಿಕೊಂಡು ಮರಳುತ್ತೀರಿ.

ಈಗ ಪರೀಕ್ಷೆ. ನನ್ನ ಮಟ್ಟಿಗೆ ಇಡೀ ಕೆಲಸದ ಪ್ರಾಣ ಇಲ್ಲಿದೆ.

ನೀವು ಮೇಲೆ, ಪರದೆಯ ಮುಂದೆ. ಜೊತೆಯವರು ಕೆಳಗೆ, ಮ್ಯಾಗ್ನೆಟ್ಟಿನ ಬಳಿ. ಕಿವಿಯಲ್ಲಿ ಫೋನು. ಪವರ್ ಕನ್ವರ್ಟರ್‌ಗೆ ಬೀಗ ಜಡಿದು ಬೀಗದ ಕೈಯನ್ನು ಕೆಳಗಿಳಿದವರೇ ಇಟ್ಟುಕೊಂಡಿದ್ದಾರೆ. ಅವರು ಮೊದಲ ಸ್ವಿಚ್ಚಿನ ತಂತಿ ಬಿಡಿಸಿ ‘ಉವೆರ್’ ಎನ್ನುತ್ತಾರೆ, ತೆರೆದಿದೆ. ಪರದೆಯಲ್ಲಿ ಆ ಮ್ಯಾಗ್ನೆಟ್ಟಿನ ಹೆಸರು ಹಸಿರಿನಿಂದ ಕೆಂಪಾಗುತ್ತದೆ. ಅದರ ಕೆಳಗೆ ಕನ್ವರ್ಟರ್‌ನ ಅಪ್ಪಣೆ ರದ್ದಾಗುತ್ತದೆ, ಕಿರಣದ ಅಪ್ಪಣೆಯೂ ರದ್ದಾಗುತ್ತದೆ. ನೀವು ಬರೆದುಕೊಳ್ಳುತ್ತೀರಿ. ‘ಫೆರ್ಮೆ’, ಮುಚ್ಚಿದೆ. ಕೆಂಪು ತಾನಾಗಿ ಹೋಗುವುದಿಲ್ಲ, ಹೋಗಬಾರದು. ಮನುಷ್ಯನೊಬ್ಬ ನೋಡಿ, ಒಪ್ಪಿ, ರೀಸೆಟ್ ಒತ್ತಬೇಕು. ಒತ್ತುತ್ತೀರಿ. ಮುಂದಿನದು.

ಹತ್ತು, ಇಪ್ಪತ್ತು ಆಗುವಷ್ಟರಲ್ಲಿ ಕೈ ತನ್ನಷ್ಟಕ್ಕೆ ಟಿಕ್ ಹಾಕಲು ಶುರು ಮಾಡುತ್ತದೆ. ಆಗಲೇ ಎಚ್ಚರ ಬೇಕು. ಕೆಳಗೆ ಏಳನೆಯ ಮ್ಯಾಗ್ನೆಟ್ಟಿನ ಸ್ವಿಚ್ಚು ತೆರೆದಾಗ ಪರದೆಯಲ್ಲಿ ಎಂಟು ಕೆಂಪಾದರೆ? ಯಂತ್ರ ನಿಂತಿತಲ್ಲ, ರಕ್ಷಣೆ ಕೆಲಸ ಮಾಡಿತಲ್ಲ ಎಂದು ಸುಮ್ಮನಿರುವವರಿದ್ದಾರೆ. ಅವರ ಮಾತು ಅರ್ಧ ನಿಜ. ಉಳಿದರ್ಧ ಯಾವುದೋ ರಾತ್ರಿ ಬಯಲಾಗುತ್ತದೆ: ಪಾಳಿಯಲ್ಲಿದ್ದವರು ತಣ್ಣಗಿರುವ ಎಂಟನ್ನು ಮುಟ್ಟಿ ನೋಡಿ, ಸ್ವಿಚ್ಚು ಕೆಟ್ಟಿದೆಯೆಂದು ತೀರ್ಮಾನಿಸುತ್ತಾರೆ, ಆ ಹೊತ್ತಿಗೆ ಏಳರ ಕಾಯಿಲ್‌ನಲ್ಲಿ ತಾಮ್ರದ ಕಿಟ್ಟ ಕಟ್ಟಿಕೊಂಡು ನೀರು ನಿಂತಿರುತ್ತದೆ. ಪರೀಕ್ಷೆ ನಿಲ್ಲಿಸಿ, ಎರಡು ಎಳೆಗಳ ಗುರುತು ನೋಡಿ, ಅದಲು ಬದಲು ಸರಿಪಡಿಸಿ, ಏಳನ್ನೂ ಎಂಟನ್ನೂ ಮೊದಲಿನಿಂದ ಮಾಡುವುದೇ ದಾರಿ. ಎಲ್ಲಕ್ಕೂ ಹೀಗೆಯೇ: ನೀರಿನ ಹರಿವಿನ ಸ್ವಿಚ್ಚುಗಳು, ಕೆಂಪು ತುರ್ತು ಗುಂಡಿಗಳು, ಕೇಬಲನ್ನೇ ಕಳಚಿಟ್ಟು ನೋಡುವುದು, ಪಿಎಲ್‌ಸಿಗೆ ಕರೆಂಟು ಕಡಿದು ನೋಡುವುದು. ಮಾದರಿಗೆ ನಾಲ್ಕು ನೋಡಿ ಉಳಿದದ್ದನ್ನು ನಂಬುವ ಪದ್ಧತಿ ಬೇರೆಡೆ ನಡೆದೀತು, ಇಲ್ಲಿ ನಡೆಯಬಾರದು. ಪರೀಕ್ಷಿಸದೆ ಬಿಟ್ಟ ಸ್ವಿಚ್ಚು ಮತ್ತು ಇಲ್ಲದ ಸ್ವಿಚ್ಚು, ಎರಡೂ ಒಂದೇ.

ಕೊನೆಯದಾಗಿ ಕ್ರಮದ ಪರೀಕ್ಷೆ. ಬಿಸಿ ಕಂಡಾಗ ಮೊದಲು ಕಿರಣಕ್ಕೆ ತಡೆ, ಆಮೇಲೆ ಮ್ಯಾಗ್ನೆಟ್ಟಿನ ಕರೆಂಟಿಗೆ. ತಿರುವುಮುರುವಾದರೆ ಬಾಗಿಸುವ ಬಲವಿಲ್ಲದ ಕಿರಣ ನೇರ ಹೋಗಿ ಕೊಳವೆಯ ಗೋಡೆಗೆ ಬಡಿಯುತ್ತದೆ. ಮ್ಯಾಗ್ನೆಟ್ ಉಳಿಸಲು ಹೋಗಿ ಪಕ್ಕದ್ದಕ್ಕೆ ವಿಕಿರಣ ತುಂಬಿದಂತಾಗುತ್ತದೆ. ಎರಡು ಸಂಕೇತಗಳು ಬೀಳುವ ಸಮಯವನ್ನು ಪಕ್ಕಪಕ್ಕ ಇಟ್ಟು ನೋಡುತ್ತೀರಿ. ಮೊದಲು ಕಿರಣ, ನಂತರ ಕರೆಂಟು. ಸರಿಯಿದೆ.

ಒಂದು ವಾದ ಮಾತ್ರ ಉಳಿಯುತ್ತದೆ. ತುರ್ತಿದ್ದಾಗ ಒಂದು ಸ್ವಿಚ್ಚನ್ನು ತಾತ್ಕಾಲಿಕವಾಗಿ ಮುಚ್ಚಿಡುವ ಅವಕಾಶ ಕಂಟ್ರೋಲ್ ರೂಮಿಗೆ ಇರಬೇಕೆ? ಕೇಳುವವರ ಬಳಿ ಸಕಾರಣವಿದೆ. ಕೆಟ್ಟ ಸ್ವಿಚ್ಚೊಂದು ಮಧ್ಯರಾತ್ರಿ ಸಾವಿರಾರು ವಿಜ್ಞಾನಿಗಳನ್ನು ಕಾಯಿಸಬಲ್ಲದು. ಕೊಡಬಾರದು ಎನ್ನುವವರ ಕಡೆ ನಾನು ನಿಲ್ಲುತ್ತೇನೆ. ಹಾಗೆ ಮುಚ್ಚಿಟ್ಟದ್ದೇ ಮುಂದೆ ನಕ್ಷೆಯಲ್ಲಿಲ್ಲದ ಗಿಡ್ಡ ತಂತಿಯಾಗುತ್ತದೆ. ಮುಚ್ಚಲೇಬೇಕಾದರೆ ಪರಿಣತನೊಬ್ಬ ಬಂದು, ತನ್ನ ಹೆಸರಿನಲ್ಲಿ, ಕಾರಣ ಮತ್ತು ಕೊನೆಯ ದಿನಾಂಕ ಬರೆದು ಮುಚ್ಚಲಿ, ಮತ್ತು ಅದು ಎಲ್ಲರ ಪರದೆಯಲ್ಲೂ ಕಾಣುತ್ತಿರಲಿ.

2020ರ ಡಿಸೆಂಬರ್‌ನಲ್ಲಿ 86 ಮೀಟರ್ ಉದ್ದದ ಹೊಸ ಲಿನಾಕ್4 ಯಂತ್ರದಿಂದ ಮೊದಲ ಕಿರಣ ಬೂಸ್ಟರ್‌ಗೆ ಬರುತ್ತದೆ, 2021ರಲ್ಲಿ ಅಲ್ಲಿಂದ ಮುಂದಿನ ಯಂತ್ರಗಳಿಗೆ. ಗಡಿಯಾಚೆ ಪ್ರೆವೆಸಾಂನ ಕಂಟ್ರೋಲ್ ರೂಮಿನಲ್ಲಿ ಎಲ್ಲರ ಕಣ್ಣು ಕಿರಣದ ತೀವ್ರತೆಯ ಗೆರೆಯ ಮೇಲಿದೆ. ನೀವು ಬೇರೆ ಕಿಟಕಿ ತೆರೆದಿಟ್ಟುಕೊಂಡಿದ್ದೀರಿ. ಕಿರಣ ಸುತ್ತುವಾಗ ಇಂಟರ್‌ಲಾಕ್, ಅಂದರೆ ಈ ಕಾವಲು ವ್ಯವಸ್ಥೆ, ಹೇಗೆ ವರ್ತಿಸುತ್ತದೆ ಎಂಬುದು ಇನ್ನೂ ಪಟ್ಟಿಯಲ್ಲಿ ಟಿಕ್ ಆಗದೆ ಉಳಿದಿದೆ. ಮೊದಲ ವಾರಗಳ ಪ್ರತಿ ನಿಲುಗಡೆಯನ್ನೂ, ಸೆಕೆಂಡಿನ ಲೆಕ್ಕ ಸಮೇತ, ದಾಖಲೆಯಿಂದ ತೆಗೆದು ಓದಬೇಕು.