ನೆಸ್‌ಗೆ ಬ್ಯಾಡ್ಜ್ ಇತ್ತು, ನಮ್ಮೂರ ಹೆಣ್ಮಕ್ಕಳಿಗೆ?

ಬ್ರಯಾನ್ ಡಿ ಪಾಲ್ಮಾ ನಿರ್ದೇಶನದ ‘ದಿ ಅನ್‌ಟಚಬಲ್ಸ್’ (1987) ನೋಡಿಲ್ಲ ಅಂದ್ರೆ ಮೊದಲು ನೋಡ್ರಿ. ಹೆಸರಿಗೂ ಜಾತಿಗೂ ಸಂಬಂಧ ಇಲ್ಲ. ಲಂಚ ಮುಟ್ಟದ ಅಧಿಕಾರಿಗಳು ಅಂತ ಅದರ ಅರ್ಥ. 1930ರ ಶಿಕಾಗೋ. ಕಾನೂನಿನಲ್ಲಿ ಪಾನನಿಷೇಧ, ಊರಲ್ಲಿ ಅಲ್ ಕಪೋನ್‌ನ ದರ್ಬಾರು. ಅವನನ್ನು ಹಿಡಿಯೋಕೆ ಎಲಿಯಟ್ ನೆಸ್ ನಾಲ್ಕು ಜನರ ತಂಡ ಕಟ್ಟುತ್ತಾನೆ. ಅರ್ಮಾನಿ ಸೂಟು, ಮೊರಿಕೋನೆ ಸಂಗೀತ, ಶಾನ್ ಕಾನರಿಗೆ ಆಸ್ಕರ್. ರೈಲ್ವೆ ಸ್ಟೇಷನ್ನಿನ ಮೆಟ್ಟಿಲ ಮೇಲೆ ಗುಂಡುಗಳ ನಡುವೆ ಮಗುವಿನ ಗಾಡಿ ಉರುಳೋ ಸೀನ್ ಬಂದಾಗ ಹಾಸ್ಟೆಲ್ ರೂಮಿನಲ್ಲಿ ಒಬ್ಬರೂ ಮೊಬೈಲ್ ಮುಟ್ಟಲಿಲ್ಲ.

ಮಜಾ ಏನಂದ್ರೆ, ಇಷ್ಟೆಲ್ಲಾ ಬಂದೂಕು ಹಾರಿಸಿದರೂ ಕಪೋನ್ ಬೀಳೋದು ಲೆಕ್ಕದ ಪುಸ್ತಕದಿಂದ. ನಿಜ ಜೀವನದಲ್ಲೂ ಹಾಗೇ: 1931ರಲ್ಲಿ ತೆರಿಗೆ ವಂಚನೆಗೆ 11 ವರ್ಷ ಶಿಕ್ಷೆ. ಆ ಕೇಸು ಕಟ್ಟಿದ್ದು ನೆಸ್ ಅಲ್ಲ, ತೆರಿಗೆ ಇಲಾಖೆಯ ತನಿಖೆದಾರರು. ಅವರ ಮೇಲೆ ಯಾರೂ ಇಷ್ಟು ಸ್ಟೈಲಿಶ್ ಸಿನಿಮಾ ಮಾಡಲಿಲ್ಲ, ಪಾಪ.

ಸಿನಿಮಾ ಮುಗಿದ ಮೇಲೆ ಜಗಳ ಶುರು. ಬೆಂಗಳೂರಿನ ಗೆಳೆಯರದ್ದು ಒಂದೇ ಮಾತು: ಬ್ಯಾನ್ ಮಾಡಿದ್ರೆ ಕಪೋನ್ ಹುಟ್ತಾನೆ, ಅದಕ್ಕೇ ಅಮೆರಿಕ 1920ರಲ್ಲಿ ತಂದದ್ದನ್ನು 1933ರಲ್ಲಿ ತೆಗೆದು ಹಾಕಿತು. ಇತಿಹಾಸ ಸರಿ ಇದೆ. ಆದರೆ ದೇವದುರ್ಗ ತಾಲ್ಲೂಕಿನ ಜಾಲಹಳ್ಳಿ ಕಡೆಯ ನಾವು ಮೂರು ಜನಕ್ಕೆ ಅದು ಪೂರ್ತಿ ಒಪ್ಪಿಗೆ ಆಗಲಿಲ್ಲ. ನಮ್ಮ ಕಡೆ ನಿಷೇಧ ಇಲ್ಲದೆಯೂ ಕಪೋನ್‌ಗಳು ಹುಟ್ಟಿದ್ದಾರಲ್ಲ! ರಾಯಚೂರು ಜಿಲ್ಲೆಯ ಪೇಪರ್ ತೆಗೆದರೆ ‘ಸಿಎಚ್ ಪೌಡರ್ ವಶ’ ಅನ್ನೋ ಸುದ್ದಿ ಆಗಾಗ ಸಿಗುತ್ತೆ. ಸಿಎಚ್ ಅಂದ್ರೆ ಕ್ಲೋರಲ್ ಹೈಡ್ರೇಟ್, ನಿದ್ದೆ ಬರಿಸೋ ರಾಸಾಯನಿಕ. ಅದನ್ನು ಕಲಸಿ ಸೇಂದಿ ಅಂತ ಮಾರ್ತಾರೆ. ಗಿಡದಿಂದ ಇಳಿಸಿದ್ದೇ ಅಲ್ಲ ಅದು. ಇನ್ನು ಸಾರಾಯಿ 2007ರ ಜುಲೈ 1ರಿಂದ ಬಂದ್ ಆಯ್ತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ ಪಾಕೀಟು ಬಂತು. ಲೈಸೆನ್ಸ್ ಅಂಗಡಿ ಇಲ್ಲದ ಹಳ್ಳಿಯಲ್ಲೂ ಪಾನ್ ಡಬ್ಬಿಯಲ್ಲಿ ಸಿಗುತ್ತೆ, ಎರಡು ರೂಪಾಯಿ ಹೆಚ್ಚು ಕೊಟ್ಟರೆ ಆಯ್ತು.

ಸಿನಿಮಾದಲ್ಲಿ ಸರ್ಕಾರ ಒಂದು ಕಡೆ, ಮಾರೋನು ಇನ್ನೊಂದು ಕಡೆ. ನಮ್ಮಲ್ಲಿ ಆ ಗೆರೆ ಎಲ್ಲಿದೆ? 2023–24ರ ಬಜೆಟ್‌ನಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 36,000 ಕೋಟಿ ರೂಪಾಯಿ. ನೆಸ್‌ಗೆ ಯಾರಾದರೂ ಹೀಗೆ ಟಾರ್ಗೆಟ್ ಕೊಟ್ಟಿದ್ದರೆ ಅವನು ಸೂಟು ಬಿಚ್ಚಿಟ್ಟು ಊರಿಗೆ ಹೋಗ್ತಿದ್ದ.

ನಮಗೆ ಹೆಚ್ಚು ಕಾಡಿದ್ದು ಬೇರೆ. ಎರಡು ತಾಸಿನ ಆ ಸಿನಿಮಾದಲ್ಲಿ ಹೆಂಗಸರು ಅಂದ್ರೆ ನೆಸ್‌ನ ಹೆಂಡತಿ, ಬಾಂಬಿಗೆ ಮಗಳನ್ನು ಕಳಕೊಂಡ ಒಬ್ಬ ತಾಯಿ, ಮತ್ತೆ ಆ ಗಾಡಿಯ ಮಗುವಿನ ಅಮ್ಮ. ಅಷ್ಟೇ. ಆದರೆ ಅಮೆರಿಕದಲ್ಲಿ ನಿಷೇಧಕ್ಕಾಗಿ ದಶಕಗಳ ಕಾಲ ಬೀದಿಗಿಳಿದವರಲ್ಲಿ ಹೆಂಗಸರೇ ಮುಂದೆ. ಅವರ ದೊಡ್ಡ ಸಂಘಟನೆ 1874ರಲ್ಲೇ ಕಟ್ಟಿದ್ದು. ನಮ್ಮಲ್ಲೂ 2019ರ ಜನವರಿಯಲ್ಲಿ ಸಾವಿರಾರು ಹೆಣ್ಮಕ್ಕಳು ಮದ್ಯ ನಿಷೇಧಿಸಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದರು. ರಾಯಚೂರು ಜಿಲ್ಲೆಯವರೂ ಅದರಲ್ಲಿದ್ದರು. ಹತ್ತಿ ಬಿಡಿಸೋ ಕೂಲಿ ಬಿಟ್ಟು ಬಂದವರು, ಕಾಲಲ್ಲಿ ಹವಾಯಿ ಚಪ್ಪಲಿ. ಇದಕ್ಕೆ ಮೊರಿಕೋನೆ ಸಂಗೀತ ಇಲ್ಲ ಬಿಡ್ರಿ.

ನಮ್ಮ ಓಣಿಯ ಒಬ್ಬ ಚಿಗವ್ವನಿಗೆ ಊರಿಗೆ ಹೋದಾಗ ಕಪೋನ್ ಕಥೆ ಹೇಳಿ, ‘ನಿಷೇಧ ಅಲ್ಲಿ ಸೋತಿತಂತೆ’ ಅಂದೆವು. ಆಕೆ ರೊಟ್ಟಿ ಬಡಿಯುತ್ತಲೇ ಕೇಳಿದಳು: ‘ಅವ್ರ ಊರಾಗ ಕುಡುದು ಬಂದು ಹೊಡೀತಿದ್ರನು?’ ಹೌದು ಅಂದೆವು. ‘ಮತ್ತ ಅದನ್ಯಾಕ ಸಿನಿಮಾದಾಗ ತೋರಿಸಿಲ್ಲ?’

ಇಡೀ ರಾಜ್ಯಕ್ಕೆ ನಿಷೇಧ ಬೇಕಾ ಅಂದ್ರೆ ನಾವು ಮೂವರೂ ಇನ್ನೂ ತಡವರಿಸ್ತೀವಿ. ಆದರೆ ಮಹಾರಾಷ್ಟ್ರದಲ್ಲಿ ಒಂದು ನಿಯಮ ಇದೆ. ಚೀಟಿಯಲ್ಲಿ ಎರಡು ಚಿತ್ರ: ನಿಂತ ಬಾಟ್ಲಿ, ಅಡ್ಡ ಮಲಗಿದ ಬಾಟ್ಲಿ. ಊರಿನ ಮಹಿಳಾ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮಲಗಿದ ಬಾಟ್ಲಿಗೆ ವೋಟು ಹಾಕಿದ್ರೆ ಅಂಗಡಿ ಬಂದ್. ಬಂದೂಕೂ ಬೇಡ, ಸೂಟೂ ಬೇಡ. ಜಾಲಹಳ್ಳಿಯಲ್ಲಿ ಇಂಥ ವೋಟು ನಡೆದರೆ ಬಾಟ್ಲಿ ನಿಲ್ಲುತ್ತೋ ಮಲಗುತ್ತೋ ಅಂತ ಬೆಟ್ ಕಟ್ಟೋಣ ಅಂದುಕೊಂಡೆವು. ಮೂವರೂ ಮಲಗುತ್ತೆ ಅಂದಿದ್ದಕ್ಕೆ ಬೆಟ್ ಆಗಲೇ ಇಲ್ಲ.